ಬಿಲ್ಲೆಯ ಬೆನ್ನು

ನಮ್ಮ ಮನೆಗೆ ಯಾವ ವಸ್ತು ಬಂದರೂ ಅಪ್ಪ ಮೊದಲು ಅದನ್ನು ಮಗುಚಿ ಬೆನ್ನು ನೋಡುತ್ತಿದ್ದ. ತಾಟು, ತಂಬಿಗೆ, ಗೋಡೆ ಗಡಿಯಾರ, ಲಗ್ನಪತ್ರಿಕೆ, ಅಕ್ಕನಿಗೆ ಬಂದ ವರನ ಫೋಟೋ, ಎಲ್ಲದರ ಬೆನ್ನು. ಫೋಟೋದ ಹಿಂದೆ ಶಿಗ್ಗಾವಿಯ ಸ್ಟುಡಿಯೋದ ಮೊಹರಿದ್ದರೆ ಸರಿ, ಹುಬ್ಬಳ್ಳಿಯದಿದ್ದರೆ ಹುಡುಗ ತೋರಿಕೆಯವನು ಎಂದು ಅಲ್ಲೇ ತೀರ್ಪು. ಅಕ್ಕನಿಗೆ ಬಂದ ಮೂರು ಸಂಬಂಧಗಳು ಹೀಗೆ ಫೋಟೋದ ಹಿಂಬದಿಯಲ್ಲೇ ಮುರಿದುಬಿದ್ದವು.

"ಮಾರಿ ಎಲ್ಲಾರ್ದೂ ಚಂದನ ಇರ್ತೇತಿ. ಬೆನ್ನ ನೋಡು, ಬೆನ್ನ."

ಇದು ಅವನ ಸಮಸ್ತ ತತ್ತ್ವಜ್ಞಾನ. ಸವಣೂರಿನ ಪೇಟೆಯಲ್ಲಿ ಪಾತ್ರೆ ಭಾಂಡೆಯ ಅಂಗಡಿ ಇಟ್ಟುಕೊಂಡ ಮನುಷ್ಯನಿಗೆ ಇಷ್ಟು ಸಾಕಾಗಿತ್ತು. ಆದರೆ ಅದನ್ನು ನಾನೂ ನಂಬಿದೆ, ಬಹಳ ವರ್ಷ ನಂಬಿದೆ. ಇಂದಿಗೂ ಯಾರಾದರೂ ನನಗೆ ಪುಸ್ತಕ ಕೊಟ್ಟರೆ ಕೈ ತಾನಾಗಿಯೇ ಅದನ್ನು ಮಗುಚುತ್ತದೆ. ಈ ಅಧ್ಯಾಯ ಆ ಕೈಯ ಬಗ್ಗೆ. ಒಂದು ಎಚ್ಚರಿಕೆಯನ್ನು ಮೊದಲೇ ಹೇಳಬೇಕು. ನಾನು ಹನ್ನೆರಡನೆಯ ವಯಸ್ಸಿನಿಂದ ದಿನಚರಿ ಬರೆಯುತ್ತ ಬಂದವಳು. ಆ ಉದ್ದನೆಯ ನೋಟುಬುಕ್ಕುಗಳು ಇನ್ನೂ ನನ್ನ ಬಳಿ ಇವೆ. ದಿನಚರಿ ಇದ್ದರೆ ನೆನಪಿಗೆ ಸಾಕ್ಷಿ ಸಿಕ್ಕಂತೆ ಎಂದು ತಿಳಿಯುವವರು ದಿನಚರಿ ಬರೆದಿರುವುದಿಲ್ಲ. ನನ್ನ ನೋಟುಬುಕ್ಕಿನಲ್ಲಿರುವುದು ನನಗೆ ನೆನಪಿಲ್ಲ, ನೆನಪಿನಲ್ಲಿರುವುದು ಅಲ್ಲಿಲ್ಲ. ಎರಡನ್ನೂ ಬೇರೆಬೇರೆಯಾಗಿಯೇ ಹೇಳಲು ನೋಡುತ್ತೇನೆ.

ಮನೆಯ ಮುಂಭಾಗವೇ ಅಂಗಡಿ. ಅದರ ಹಿಂದೆ ಪಡಸಾಲೆ, ಪಡಸಾಲೆಯ ಹಿಂದೆ ನಡುಮನೆ, ಆಮೇಲೆ ಅಡುಗೆಮನೆ, ಅದರ ಮೂಲೆಯಲ್ಲಿ ದೇವರ ಜಗಲಿ. ಆ ವರ್ಷಗಳಲ್ಲಿ ಊರಿಗೆ ಊರೇ ಹಿತ್ತಾಳೆಯಿಂದ ಸ್ಟೀಲಿಗೆ ಹಾರುತ್ತಿತ್ತು. ಮುತ್ತಜ್ಜಿಯ ಕಾಲದ ಕೊಪ್ಪರಿಗೆ, ಹಂಡೆ, ಚರಿಗೆ, ತಾಯಿ ಮಗಳಿಗೆ ಕೊಟ್ಟ ಬಳುವಳಿಯ ಕೊಡ, ಎಲ್ಲವನ್ನೂ ತಲೆಯ ಮೇಲೆ ಹೊತ್ತು ತಂದು ನಮ್ಮ ತಕ್ಕಡಿಗೆ ಹಾಕಿ, ಕನ್ನಡಿಯಂತೆ ಹೊಳೆಯುವ ತೆಳ್ಳನೆಯ ಡಬ್ಬಿಗಳನ್ನು ಕಂಕುಳಲ್ಲಿಟ್ಟುಕೊಂಡು ಜನ ಖುಷಿಯಿಂದ ಹೋಗುತ್ತಿದ್ದರು. ಹಳೆಯ ಹಿತ್ತಾಳೆಗೆ ನಾವು ಮೋಡು ಎನ್ನುತ್ತಿದ್ದೆವು. ಮೋಡಿನ ಚೀಲಗಳು ಪಡಸಾಲೆಯ ಅರ್ಧವನ್ನು ತಿಂದಿದ್ದವು. ಮನೆಗೆಲ್ಲ ಒಂದು ಹಸಿರು, ಹುಳಿ ವಾಸನೆ. ರೊಟ್ಟಿಯಲ್ಲೂ ಅದು ಬರುತ್ತಿತ್ತು ಎಂದು ನನ್ನ ನೆನಪು. ಅಕ್ಕ ನಗುತ್ತಾಳೆ, ಹಾಗೇನೂ ಇರಲಿಲ್ಲ ಎನ್ನುತ್ತಾಳೆ.

ಆ ಮೋಡಿನಲ್ಲಿಯೇ ಮೊದಲ ಬಿಲ್ಲೆಗಳು ಬಂದದ್ದು. ಎರಡನೆಯ ಮಹಾಯುದ್ಧಕ್ಕೆ ಹೋಗಿದ್ದ ಸಿಪಾಯಿಗಳ ಟೊಪ್ಪಿಗೆಯ ಬಿಲ್ಲೆ, ಭುಜಕ್ಕೆ ಸಿಗಿಸುವ ಅಕ್ಷರದ ಪಟ್ಟಿ, ಕೋಟಿನ ಗುಂಡಿ. ಹಾನಗಲ್ಲ, ಹಿರೇಕೆರೂರು ಕಡೆಯ ಹಳ್ಳಿಗಳಿಂದ ಪಲ್ಟನ್ನಿಗೆ ಹೋದವರು ಬಹಳ ಮಂದಿ ಇದ್ದರು. ಅವರು ಸತ್ತ ಮೇಲೆ ಸೊಸೆಯಂದಿರು ಟ್ರಂಕು ತೆರವು ಮಾಡಿ, ಒಡೆದ ಸೌಟು, ತೂತು ಬಿದ್ದ ತಂಬಿಗೆಯ ಜೊತೆ ಅದನ್ನೂ ತಂದು ಸುರಿಯುತ್ತಿದ್ದರು. ಅಪ್ಪ ಅವನ್ನು ಆರಿಸಿ ಒಂದು ಬಿಸ್ಕೀಟು ಡಬ್ಬಿಯಲ್ಲಿ ಹಾಕಿಡುತ್ತಿದ್ದ, ಅಷ್ಟೇ. ಅದಕ್ಕೊಂದು ಶಾಸ್ತ್ರವಿದೆ ಎಂದು ಹೇಳಿಕೊಟ್ಟವರು ಹುಬ್ಬಳ್ಳಿಯಿಂದ ಬರುತ್ತಿದ್ದ ಒಬ್ಬ ನಿವೃತ್ತ ಸಾಹೇಬರು. ಯಲವಿಗಿಯಲ್ಲಿ ರೈಲು ಇಳಿದು, ಅಲ್ಲಿಂದ ಬಸ್ಸಿನಲ್ಲಿ ನಮ್ಮೂರಿಗೆ ಬರುವವರು. ಉಣ್ಣೆಯ ಟೊಪ್ಪಿಗೆ ಹಾಕುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಅವರಿಗೆ ಟೊಪ್ಪಿಗಿ ಸಾಹೇಬ ಎಂದೇ ಹೆಸರು. ಬಿಲ್ಲೆ ಸಂಗ್ರಹಿಸುವುದು ಅವರ ಹವ್ಯಾಸ. ನಮ್ಮ ಚಹಾ ಅವರಿಗೆ ಅತಿ ಸಿಹಿ, ನಮ್ಮ ಜಮಖಾನೆ ಅತಿ ಧೂಳು, ನಮ್ಮ ಊರಿನ ಹೆಸರುವಾಸಿ ಖಾರ ಹೊಟ್ಟೆಗೆ ಆಗದು. ಆದರೂ ತಿಂಗಳಿಗೊಮ್ಮೆ ಬಂದು, ಕೈವಸ್ತ್ರ ಹಾಸಿ ಅದರ ಮೇಲೆ ಕುಳಿತು, ಸತ್ತ ಸಿಪಾಯಿಗಳ ಬಿಲ್ಲೆಗಳನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. ಅವರು ಎಂದೂ ಆ ಸಿಪಾಯಿಯ ಹೆಸರು ಏನಿತ್ತು ಎಂದು ಕೇಳಿದ್ದು ನನಗೆ ನೆನಪಿಲ್ಲ. ನಾನೂ ಕೇಳಿದವಳಲ್ಲ.

ಅವರ ಬಳಿ ಚಿತ್ರಗಳಿದ್ದ ಒಂದು ಇಂಗ್ಲಿಷ್ ಪುಸ್ತಕವಿತ್ತು. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನನಗೆ ಸಾಲೆಯಲ್ಲಿ ಆಗಷ್ಟೇ ಬರತೊಡಗಿತ್ತು. ಹೀಗಾಗಿ ನಾನು ಅಪ್ಪನ ಪಕ್ಕದಲ್ಲಿ ಕುಳಿತು ಬಿಲ್ಲೆಯ ಮೇಲಿನ ಅಕ್ಷರ ಓದಿ ಹೇಳುವವಳಾದೆ. ಒಂದು ವರ್ಷದಲ್ಲಿ ಓದುವವಳಷ್ಟೇ ಆಗಿ ಉಳಿಯಲಿಲ್ಲ, ನ್ಯಾಯ ಹೇಳುವವಳೂ ಆದೆ. ಹಳ್ಳಿಯವರು ಗದ್ದಿಗೆಯ ಕೆಳಗೆ ಕುಳಿತು ತೆರೆದ ಬಾಯಿಯಿಂದ ನೋಡುತ್ತಿರುವಾಗ ಎರಡು ಜಡೆಯ ಹುಡುಗಿ ಭೂತಗನ್ನಡಿ ಹಿಡಿದು ಹೂಂ ಎಂದು ರಾಗ ಎಳೆಯುವುದು ಅಪ್ಪನಿಗೆ ಬಹಳ ಚಂದ ಕಾಣುತ್ತಿತ್ತು.

ಶಾಸ್ತ್ರ ಬಹಳ ಸುಲಭ. ವಿಲಾಯತಿಯ ಕಾರ್ಖಾನೆಯಲ್ಲಿ ತೆಳು ಹಿತ್ತಾಳೆ ತಗಡನ್ನು ಉಕ್ಕಿನ ಅಚ್ಚಿನ ನಡುವೆ ಇಟ್ಟು ಒತ್ತುತ್ತಾರೆ. ಮುಂದೆ ಉಬ್ಬಿದ ಕಹಳೆ ಹಿಂದೆ ತಗ್ಗಾಗಿ ಕಾಣುತ್ತದೆ, ಹಾಳೆಯ ಮೇಲೆ ಪೆನ್ಸಿಲು ಒತ್ತಿ ಬರೆದರೆ ಹಿಂಬದಿಗೆ ಮೂಡುವ ಹಾಗೆ. ಕಳ್ಳರು ಹಾಗೆ ಮಾಡಲಾರರು. ಅವರು ಅಸಲಿ ಬಿಲ್ಲೆಯನ್ನು ಮರಳಿನಲ್ಲಿ ಒತ್ತಿ, ಆ ಗುಳಿಗೆ ಹಿತ್ತಾಳೆ ಕರಗಿಸಿ ಹೊಯ್ಯುತ್ತಾರೆ. ಅದು ಎರಕ. ಎರಕದ್ದರ ಬೆನ್ನು ಚಪ್ಪಟೆ, ದಪ್ಪ, ಮೈಮೇಲೆ ಮರಳು ಕಚ್ಚಿದ ಸಣ್ಣ ತೂತುಗಳು. ಎರಕ ಆರುವಾಗ ಒಂದು ಕೂದಲೆಳೆಯಷ್ಟು ಕುಗ್ಗುತ್ತದೆ. ಇದಕ್ಕೆ ಅಪ್ಪ ಒಂದು ಉಪಾಯ ಮಾಡಿದ್ದ. ಅಸಲಿ ಬಿಲ್ಲೆಗಳನ್ನು ರಟ್ಟಿನ ಮೇಲಿಟ್ಟು ಅಂಚು ಬರೆದು, ಬ್ಲೇಡಿನಿಂದ ಕೊರೆದು ಇಟ್ಟಿದ್ದ. ಬಂದ ಬಿಲ್ಲೆಯನ್ನು ಆ ರಟ್ಟಿನ ತೂತಿನಲ್ಲಿ ಕೂರಿಸುವುದು. ಬಿಗಿಯಾಗಿ ಕೂತರೆ ಖರೆ, ಅಲುಗಾಡಿದರೆ ಖೊಟ್ಟಿ. ಇನ್ನು ಕಿಲುಬು. ನಿಜವಾದ ಕಿಲುಬು ಹಿತ್ತಾಳೆಯನ್ನು ಕಚ್ಚಿಕೊಂಡಿರುತ್ತದೆ, ಹುಳಿ ಮಜ್ಜಿಗೆ ಬಳಿದು ತಿಪ್ಪೆಯಲ್ಲಿ ಹೂತು ತರಿಸಿದ್ದು ಉಗುಳು ಹಚ್ಚಿದ ಹೆಬ್ಬೆರಳಿಗೆ ಬಂದುಬಿಡುತ್ತದೆ. ಕಿರೀಟ ಇನ್ನೂ ಸುಲಭ. ತಲೆ ಉಬ್ಬಿದ್ದರೆ ರಾಜನದು, ನಡುವೆ ತಗ್ಗಿದ್ದರೆ ರಾಣಿಯದು; ಯುದ್ಧದ ಕಾಲದಲ್ಲಿ ರಾಣಿ ಇನ್ನೂ ಪಟ್ಟಕ್ಕೇರಿರಲಿಲ್ಲ.

ಸಾಹೇಬರು ಕೊಳ್ಳುತ್ತಾರೆ ಎಂಬ ಸುದ್ದಿ ಹಬ್ಬಿದ್ದೇ ತಡ, ಸುತ್ತಲಿನ ನಾಲ್ಕು ತಾಲೂಕಿನ ಮೂರ್ಖರೆಲ್ಲ ನಮ್ಮ ಕಟ್ಟೆ ಹತ್ತಿದರು. ಶಿಗ್ಗಾವಿಯ ಒಬ್ಬ, ತನ್ನ ಅಜ್ಜ ಜರ್ಮನರ ಮೇಲೆ ಗುಂಡು ಹಾರಿಸುವಾಗ ಹಾಕಿಕೊಂಡಿದ್ದ ಎಂದು ತಂದ ಬಿಲ್ಲೆಯ ಮೇಲೆ ನಮ್ಮ ಸರ್ಕಾರದ ಮೂರು ಸಿಂಹಗಳಿದ್ದವು. ಹಿರೇಕೆರೂರಿನವನೊಬ್ಬ ತಂದದ್ದು ಕಚೇರಿಯ ಜವಾನ ಎದೆಯ ಪಟ್ಟಿಗೆ ಹಾಕುವ ಬಿಲ್ಲೆ. ಅದನ್ನು ಕರ್ನಲ್ ಸಾಹೇಬನದು ಎಂದು ಆಣೆ ಮಾಡಿದ. ಹಾನಗಲ್ಲಿನ ಒಬ್ಬ ಅಡಿಕೆ ವ್ಯಾಪಾರಿ ಒಂದೇ ಪಡಿಯಚ್ಚಿನ ಏಳು ಬಿಲ್ಲೆ ತಂದು, ಏಳೂ ತನ್ನ ಸೋದರಮಾವನವೇ ಎಂದ. ಅಪ್ಪ ಅವನಿಗೆ, ನಿಮ್ಮ ಮಾವನಿಗೆ ತಲೆ ಎಷ್ಟಿದ್ವು ಎಂದು ಕೇಳಿದ್ದು ಊರಿನಲ್ಲಿ ಬಹಳ ದಿನ ಓಡಾಡಿತು. ನಾವು ನಕ್ಕೆವು. ಬಂದವರು ಎದ್ದು ಹೋಗುವ ಮೊದಲೇ ನಗುವುದು ನಮ್ಮ ಮನೆಯ ರೀತಿ.

ಈ ಮಾತುಗಳು ಊಟದ ಮನೆಗೂ ಬಂದವು. ಅಪ್ಪ ತಾಟಿನ ಮುಂದೆ ಕುಳಿತು ರೊಟ್ಟಿಯನ್ನು ಮಗುಚುತ್ತಿದ್ದ. ಹಿಂದೆ ಹತ್ತಿದ್ದರೆ, ಇದು ಎರಕ ಹೊಯ್ದದ್ದು ಎಂದು ಅವ್ವನ ಕಡೆ ಸರಿಸುತ್ತಿದ್ದ. ಅವ್ವ ಬೇರೆ ರೊಟ್ಟಿ ಹಾಕುತ್ತಿದ್ದಳು. ಸಾಲೆಯ ಮಾಸ್ತರರು ಮೇಲೆ ಬಂಗಾರದ ಮುಲಾಮು, ಒಳಗೆ ತಗಡು. ಓಣಿಯ ಶೆಟ್ಟರು ತಿಪ್ಪೆಯಲ್ಲಿ ಹೂತು ತೆಗೆದ ದೊಡ್ಡಸ್ತಿಕೆ. ಅಕ್ಕನೂ ನಾನೂ ಗೆಳತಿಯರನ್ನು ಖರೆ ಖೊಟ್ಟಿ ಎಂದು ಎರಡು ಸಾಲು ಮಾಡಿ ಬರೆದಿಟ್ಟಿದ್ದೆವು. ಆ ಪಟ್ಟಿ ನನ್ನ ನೋಟುಬುಕ್ಕಿನಲ್ಲಿ ಇನ್ನೂ ಇದೆ. ಖರೆಯ ಸಾಲಿನಲ್ಲಿ ಎರಡು ಹೆಸರಿವೆ, ಒಂದು ನನ್ನದು.

ಈ ಮನೆಯಲ್ಲಿ ಒಂದು ಬಿಲ್ಲೆಯ ಬೆನ್ನನ್ನು ಮಾತ್ರ ಯಾರೂ ಪರೀಕ್ಷಿಸಿರಲಿಲ್ಲ. ಅದು ಗಂಗಾಯಿಯದು. ಗಂಗಾಯಿ ಅಪ್ಪನ ಸೋದರತ್ತೆ, ನನ್ನ ಅಜ್ಜನ ತಂಗಿ. ಮದುವೆಯಾಗಿ ಎರಡು ವರ್ಷಕ್ಕೆ ಅವಳ ಗಂಡ ಪಲ್ಟನ್ನಿಗೆ ಸೇರಿಕೊಳ್ಳುತ್ತೇನೆಂದು ಯಲವಿಗಿಯಲ್ಲಿ ರೈಲು ಹತ್ತಿದವನು ತಿರುಗಿ ಬರಲಿಲ್ಲ. ವರ್ಷದ ಮೇಲೆ ರಟ್ಟೀಹಳ್ಳಿ ಕಡೆಯ ಒಬ್ಬ ಸಿಪಾಯಿ ಬಂದು, ಅರಿವೆಯಲ್ಲಿ ಸುತ್ತಿದ ಒಂದು ಬಿಲ್ಲೆ ಕೊಟ್ಟು, ಇದನ್ನು ಮನೆಯಲ್ಲಿ ಕೊಡಲು ಹೇಳಿದ್ದಾನೆ ಎಂದು ನೀರು ಕುಡಿದು ಹೋದನಂತೆ. ಅವನ ಹೆಸರನ್ನು ಯಾರೂ ಕೇಳಿಕೊಳ್ಳಲಿಲ್ಲ. ಆಮೇಲೆ ಕಾಗದವಿಲ್ಲ, ತಾರಿಲ್ಲ, ಸತ್ತನೆಂಬ ಸುದ್ದಿಯೂ ಇಲ್ಲ. ಅಜ್ಜ ತಂಗಿಯನ್ನು ಕರೆತಂದು ಮನೆಯಲ್ಲಿಟ್ಟುಕೊಂಡ, ಆದರೆ ಪಲ್ಟನ್ನಿನ ಕತೆಯನ್ನು ನಂಬಲಿಲ್ಲ. ತಂಗಿಯ ಗಂಡ ಮುಂಬಯಿಯ ಗಿರಣಿ ಸೇರಿ ಬೇರೆ ಸಂಸಾರ ಹೂಡಿದ್ದಾನೆ, ಸಂತೆಯಲ್ಲಿ ಕೊಂಡ ಬಿಲ್ಲೆ ಕಳಿಸಿ ಬಾಯಿ ಮುಚ್ಚಿಸಿದ್ದಾನೆ ಎಂದೇ ಅವನ ಖಾತ್ರಿ. ಮನೆಯ ಮಾನ ಪೇಟೆಗೆ ಬರಬಾರದೆಂದು ಬಿಲ್ಲೆಯನ್ನು ಹೊರಗೆ ಒಯ್ದು ಯಾರಿಗೂ ತೋರಿಸಕೂಡದೆಂದು ಕಟ್ಟು ಮಾಡಿದ. ಗಂಗಾಯಿ ಅದನ್ನು ಜಗಲಿಯ ಮೇಲೆ ದೇವರ ಸಾಲಿನಲ್ಲಿ ಇಟ್ಟಳು. ಜಗಲಿ ಏರಿದ ಮೇಲೆ ಅದು ದೇವರೇ. ದೇವರನ್ನು ಯಾರು ಮಗುಚಿ ನೋಡುತ್ತಾರೆ. ಊರವರ ಬಿಲ್ಲೆಗಳನ್ನೆಲ್ಲ ಮಗುಚುತ್ತಿದ್ದ ಅಪ್ಪ ಕೂಡ ಅದನ್ನು ಮುಟ್ಟಿರಲಿಲ್ಲ. ಅತ್ತೆಯ ಬಾಯಿಗೆ ಅಂಜಿ ಎಂದು ಅವ್ವ ಹೇಳುತ್ತಿದ್ದಳು. ಪ್ರತಿ ಸೋಮವಾರ, ಪ್ರತಿ ಅಮಾವಾಸ್ಯೆ ಗಂಗಾಯಿ ಲಿಂಗದ ತಟ್ಟೆ, ಗಂಟೆ, ದೀಪದ ಕಂಬಗಳ ಜೊತೆಗೆ ಬಿಲ್ಲೆಯನ್ನೂ ಹುಣಸೆಹಣ್ಣು ಬೂದಿ ಹಾಕಿ ಉಜ್ಜಿ, ತೊಳೆದು, ವಿಭೂತಿ ಹಚ್ಚಿ ಇಡುವಳು. ಮೂವತ್ತು ವರ್ಷ ಹೀಗೆ ಉಜ್ಜಿದ್ದಳು.

ಅವಳು ಹಣೆಗೆ ಕುಂಕುಮ ಹಚ್ಚುತ್ತಿದ್ದಳೇ? ವಿಭೂತಿಯ ಕೆಳಗೆ ಸಣ್ಣದಾಗಿ ಹಚ್ಚುತ್ತಿದ್ದಳು, ಮುಂದೆ ಬಿಟ್ಟಳು ಎಂದು ನನ್ನ ನೆನಪು. ಅವಳು ಎಂದೂ ಹಚ್ಚಿದ್ದೇ ಇಲ್ಲ, ನೀನು ಕತೆ ಕಟ್ಟುತ್ತಿ ಎಂದು ಅಕ್ಕನ ವಾದ. ಇರುವ ಒಂದೇ ಫೋಟೋದಲ್ಲಿ ಅವಳು ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದಾಳೆ.

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗಿನ ಮಹಾನವಮಿ. ಖಂಡೇಪೂಜೆಯ ದಿನ ನಮ್ಮಲ್ಲಿ ತಕ್ಕಡಿ, ತೂಕದ ಕಲ್ಲು, ಕತ್ತರಿ, ಕುಡುಗೋಲು ಎಲ್ಲವನ್ನೂ ತೊಳೆದು ಜಗಲಿಯ ಕೆಳಗೆ ಸಾಲಾಗಿಟ್ಟು ಪೂಜಿಸುವುದು. ಮೊದಲ ಆರತಿ ಗಂಗಾಯಿಯ ಬಿಲ್ಲೆಗೆ, ಏಕೆಂದರೆ ಯುದ್ಧ ಕಂಡ ವಸ್ತು ಅದೊಂದೇ. ಆ ವರ್ಷ ಅಪ್ಪ ಟೊಪ್ಪಿಗಿ ಸಾಹೇಬರನ್ನು ಹೋಳಿಗೆ ಊಟಕ್ಕೆ ಕರೆದಿದ್ದ. ಸಾಹೇಬರು ಪಡಸಾಲೆಯಿಂದಲೇ ಅಡುಗೆಮನೆಯ ಜಗಲಿಯನ್ನು ಇಣುಕಿ, ಅಲ್ಲೊಂದು ಬಿಲ್ಲೆ ಹೊಳೆಯುವುದನ್ನು ಕಂಡು, ಅದನ್ನು ನನಗೆ ಎಂದೂ ತೋರಿಸಲಿಲ್ಲವಲ್ಲ ಎಂದು ನಕ್ಕರು. ಅಪ್ಪನ ಮುಖ ಕೆಂಪಾಯಿತು. ಅವ್ವ, ಜಗಲಿಯ ಮೇಲಿನದನ್ನು ಇಂಥ ದಿನ ತೆಗೆಯಬಾರದು ಎಂದು ಒಳಗಿನಿಂದಲೇ ಹೇಳಿದಳು. ಆಗ ಯಾರೂ ಎಣಿಸದ ಕೆಲಸವನ್ನು ಗಂಗಾಯಿಯೇ ಮಾಡಿದಳು. ಕೈ ತೊಳೆದು ಬಂದು, ಬಿಲ್ಲೆಯನ್ನು ತಾನೇ ಜಗಲಿಯಿಂದ ಇಳಿಸಿ, ಸೆರಗಿನಿಂದ ಒರೆಸಿ, ಪಡಸಾಲೆಗೆ ತಂದಳು. ಸಾಹೇಬರಿಗೆ ಕೊಡಲಿಲ್ಲ, ಅಪ್ಪನಿಗೂ ಕೊಡಲಿಲ್ಲ. ನನ್ನ ಅಂಗೈಯಲ್ಲಿ ಇಟ್ಟಳು.

"ನೀಲಾ, ನಿನಗ ಇಂಗ್ಲಿಷ್ ಬರ್ತೇತಲ್ಲವಾ. ಅದರ ಮ್ಯಾಲೆ ಅಕ್ಷರ ಅದಾವು. ಅವರು ಯಾವ ಪಲ್ಟನ್‌ದಾಗ ಇದ್ರು, ಓದಿ ಹೇಳು."

ಈ ಪ್ರಶ್ನೆ ನನ್ನ ದಿನಚರಿಯಲ್ಲಿಲ್ಲ. ಅಕ್ಕನಿಗೆ ನೆನಪಿದೆ, ಗಂಗಾಯಿಯ ಮಾತಿನಲ್ಲಿಯೇ ನೆನಪಿದೆ. ಹಾಗಾಗಿ ಇದನ್ನು ನಂಬುತ್ತೇನೆ. ಮೂವತ್ತು ವರ್ಷದಿಂದ ಗಂಗಾಯಿಗೆ ತಿಳಿಯಬೇಕಾಗಿದ್ದದ್ದು ಇದೊಂದೇ. ಯಾವ ಪಲ್ಟನ್ನು ಎಂದು ಗೊತ್ತಾದರೆ ಎಲ್ಲಿಗೆ ಬರೆದು ಕೇಳಬೇಕೆಂದು ಗೊತ್ತಾಗುತ್ತದೆ, ಗಂಡ ಸಿಪಾಯಿಯಾಗಿ ಸತ್ತನೋ ಅಥವಾ ತನ್ನನ್ನು ಬಿಟ್ಟು ಓಡಿದನೋ ಎಂಬುದು ಇತ್ಯರ್ಥವಾಗುತ್ತದೆ. ಮನೆಯಲ್ಲಿ ಓದುವ ಹುಡುಗಿ ದೊಡ್ಡವಳಾಗಲಿ ಎಂದು ಕಾದಿದ್ದಳು ಎಂದು ಕಾಣುತ್ತದೆ. ನಾನು ಭೂತಗನ್ನಡಿ ಹಿಡಿದೆ. ನಡುವೆ ಒಂದು ಕಹಳೆಯ ಆಕಾರ ಮಸುಕಾಗಿತ್ತು; ಕಹಳೆ ಹಲವು ಪಲ್ಟನ್ನುಗಳ ಗುರುತು. ಕೆಳಗಿನ ಪಟ್ಟಿಯಲ್ಲಿ ಅಕ್ಷರ ಇದ್ದ ಜಾಗ ಇತ್ತು, ಅಕ್ಷರ ಇರಲಿಲ್ಲ. ಸಾವಿರಕ್ಕೂ ಹೆಚ್ಚು ಸೋಮವಾರಗಳ ಹುಣಸೆಹಣ್ಣು ಅದನ್ನು ಬೆಣ್ಣೆಯಂತೆ ನುಣುಪು ಮಾಡಿತ್ತು. ಒಂದು ಗೆರೆ ಆರ್ ಇರಬಹುದು, ಎಫ್ ಇರಬಹುದು. ನನಗೆ ಓದಲು ಬರಲಿಲ್ಲ. ಸಾಹೇಬರು ನೋಡುತ್ತಿದ್ದರು, ಅಪ್ಪ ನೋಡುತ್ತಿದ್ದ. ಓದಲು ಬರುವುದಿಲ್ಲ ಎಂಬ ಮಾತು ಆ ಪಡಸಾಲೆಯಲ್ಲಿ ಅದುವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ನಾನು ಬಿಲ್ಲೆಯನ್ನು ಮಗುಚಿದೆ. ಬೆನ್ನು ಚಪ್ಪಟೆ. ಮೈತುಂಬ ಮರಳಿನ ತೂತು. ಮುಂದಿನ ಕೆಲಸ ಕೈಗೆ ಬಾಯಿಪಾಠವಾಗಿತ್ತು. ಕಹಳೆ ಬಿಲ್ಲೆಯ ರಟ್ಟು ತಂದು ಕೂರಿಸಿದೆ, ಬಿಲ್ಲೆ ಅದರಲ್ಲಿ ಅಲುಗಾಡಿತು.

"ಓದೂದೇನೈತಿ ಆಯಿ ಇದರಾಗ. ಎರಕದ್ದು. ಖೊಟ್ಟಿ."

"ಶಾಬ್ಬಾಸ್" ಎಂದ ಅಪ್ಪ.

ಸಾಹೇಬರು ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿ, ಹುಡುಗಿ ಹೇಳಿದ್ದು ಸರಿ, ಪುಸ್ತಕದಲ್ಲಿ ಇಂಥದ್ದಿಲ್ಲ ಎಂದು ಒಂದು ನಿಟ್ಟುಸಿರಿನ ನಾಟಕ ಮಾಡಿದರು. ಅಪ್ಪನಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಅಜ್ಜನ ಹಳೆಯ ಮಾತನ್ನು ಎತ್ತಿಕೊಂಡು, ಅವ ಗಿರಣಿಗೆ ಹೋದವ, ಪಲ್ಟನ್ನಿಗೆ ಹೋದವನಲ್ಲ, ಈಗರೆ ಖಾತ್ರಿ ಆತಿಲ್ಲೋ ಎಂದ. ಗಂಗಾಯಿ ಅವನ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತ, ಬಹಳ ಮೆತ್ತಗೆ ಕೇಳಿದಳು:

"ಓದಾಕ ಬರಲಿಲ್ಲೇನವಾ?"

ನಾನು ನಕ್ಕೆ. ಹಾನಗಲ್ಲಿನ ಅಡಿಕೆಯವನ ಮುಂದೆ ನಕ್ಕ ಅದೇ ನಗು. ಅವಳು ಬಿಲ್ಲೆ ಇಸಿದುಕೊಂಡು ಒಳಗೆ ಹೋದಳು. ಆಮೇಲೆ ಎಲ್ಲರ ಎಲೆಗೂ ಹೋಳಿಗೆ ಬಡಿಸಿದಳು. ಸಾಹೇಬರ ಹೋಳಿಗೆಗೆ ತುಪ್ಪವನ್ನು ಎರಡು ಸಲ ಹಾಕಿದಳು. ಆ ದಿನದ ದಿನಚರಿ ಇಷ್ಟು: "ಇಂದು ಹೋಳಿಗೆ. ಟೊಪ್ಪಿಗಿ ಸಾಹೇಬರು ಬಂದಿದ್ದರು. ಆಯಿಯ ಬಿಲ್ಲೆ ಖೊಟ್ಟಿ ಎಂದು ನಾನೇ ಕಂಡುಹಿಡಿದೆ. ಕಾರಣ: ೧. ಎರಕ. ೨. ರಟ್ಟಿನಲ್ಲಿ ಸಡಿಲು. ಅಪ್ಪ ಶಾಬ್ಬಾಸ್ ಎಂದ." ಶಾಬ್ಬಾಸ್ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಐದಾರು ದಿನ ಬಿಲ್ಲೆ ಜಗಲಿಯ ಮೇಲೂ ಇರಲಿಲ್ಲ, ಎಲ್ಲಿಯೂ ಕಾಣಲಿಲ್ಲ. ಆಮೇಲೆ ಸವಣೂರಿನ ಸಂತೆಯ ದಿನ, ಅಂಗಡಿ ತುಂಬ ಗಿರಾಕಿಗಳಿರುವಾಗ, ಗಂಗಾಯಿ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಓಣಿ ಸುತ್ತಿಕೊಂಡು ಬಂದು, ಮುಂದಿನ ಬಾಗಿಲಿನಿಂದ ಅಂಗಡಿ ಹತ್ತಿದಳು. ಹೊರಗಿನ ಹೆಂಗಸರ ಜೊತೆ ತನ್ನ ಪಾಳಿಗಾಗಿ ನಿಂತಳು. ಪಾಳಿ ಬಂದಾಗ ಬಿಲ್ಲೆಯನ್ನು ತಕ್ಕಡಿಯ ತಟ್ಟೆಗೆ ಹಾಕಿದಳು. ಅಪ್ಪನ ಕೈ ನಿಂತಿತು. ಒಳಗೆ ನಡಿ ಅತ್ತೀ, ಮಂದಿ ನೋಡಾಕತ್ತಾರ ಎಂದು ಪಿಸುಗುಟ್ಟಿದ.

"ಮೋಡು ತಂದೇನಪಾ. ಎಲ್ಲಾರಿಗೂ ಹೆಂಗ ಕೊಡ್ತಿ ಹಂಗ ಕೊಡು."

ಅಪ್ಪ ಒಂದು ದೊಡ್ಡ ಸ್ಟೀಲು ಡಬ್ಬಿ ಎತ್ತಿ ಮುಂದಿಟ್ಟ. ಅದರ ಬೆನ್ನನ್ನು ಅವಳು ಮಗುಚಿ ನೋಡಿದಳು. ಆ ಅಂಗಡಿಯಲ್ಲಿ ಅವಳು ಹಾಗೆ ಮಾಡಿದ್ದು ಅದೊಂದೇ ಸಲ.

"ಖೊಟ್ಟಿ ಮಾಲಿಗೆ ಇಷ್ಟ್ಯಾಕ? ತೂಕದಷ್ಟ ಕೊಡು."

ತೂಕಕ್ಕೆ ಬಂದದ್ದು ಒಂದು ಚಮಚ. ಅದನ್ನು ಹಿಡಿದುಕೊಂಡು ಮತ್ತೆ ಮುಂದಿನ ಬಾಗಿಲಿನಿಂದಲೇ ಇಳಿದು, ಓಣಿ ಸುತ್ತಿ, ಹಿತ್ತಲಿನಿಂದ ಒಳಗೆ ಬಂದಳು. ಬಿಲ್ಲೆ ಮೋಡಿನ ಚೀಲ ಸೇರಿತು. ಅಪ್ಪ ಸಂಜೆ ಅದನ್ನು ಹುಡುಕಿ ತೆಗೆಯಬಹುದಿತ್ತು; ತೆಗೆಯಲಿಲ್ಲ. ನಾನೂ ತೆಗೆಯಬಹುದಿತ್ತು. ಆ ವಾರ ಚೀಲಗಳು ಹುಬ್ಬಳ್ಳಿಯ ಭಟ್ಟಿಗೆ ಹೋದವು. ಚಮಚ ನಮ್ಮ ಉಪ್ಪಿನ ಭರಣಿಯ ಚಮಚವಾಯಿತು. ಊಟಕ್ಕೆ ಕುಳಿತ ಅಪ್ಪನಿಗೆ ಉಪ್ಪು ಬೇಕಾದಾಗಲೆಲ್ಲ ಗಂಗಾಯಿ ಆ ಚಮಚವನ್ನೇ ಅವನ ಮುಂದೆ ಹಿಡಿಯುತ್ತಿದ್ದಳು. ಅವನು ಉಪ್ಪು ಕಡಿಮೆ ತಿನ್ನತೊಡಗಿದ.

ಮುಂದೆ ನಾನು ಧಾರವಾಡಕ್ಕೆ ಓದಲು ಹೋದೆ. ಎಂ.ಎ. ಮಾಡಿದೆ, ಅಲ್ಲಿಯೇ ಕಾಲೇಜಿನಲ್ಲಿ ಪಾಠ ಹೇಳತೊಡಗಿದೆ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ನೋಡುವಾಗ ನನ್ನಷ್ಟು ಬೇಗ ತೀರ್ಪು ಕೊಡುವವರು ಇಲ್ಲ ಎಂದು ಹೆಸರು ಬಂತು. ಆ ಹೆಸರಿಗೆ ಹಿಗ್ಗಿದೆ. ಬಾಡಿಗೆಗಿದ್ದ ಮನೆಯ ಯಜಮಾನರು ಪಲ್ಟನ್ನಿನಿಂದ ನಿವೃತ್ತರಾದ ಮುದುಕರು, ಯುದ್ಧದ ಕಾಲದಲ್ಲಿಯೇ ಸೇರಿದವರು. ಹವಾಲ್ದಾರರು ಎಂದೇ ಓಣಿಯಲ್ಲಿ ಕರೆಯುವುದು. ಒಂದು ಮಧ್ಯಾಹ್ನ ಅವರು ತಮ್ಮ ಟ್ರಂಕು ಬಿಸಿಲಿಗಿಟ್ಟಿದ್ದರು. ಮೇಲೆಯೇ ಒಂದು ಬಿಲ್ಲೆ. ನನ್ನ ಕೈ ಕೇಳದೆಯೇ ಅದನ್ನು ಎತ್ತಿ ಮಗುಚಿತು. ಬೆನ್ನು ಚಪ್ಪಟೆ, ದಪ್ಪ, ಮರಳಿನ ತೂತು. ನಾನು ಮರುಕದಿಂದ, ದೊಡ್ಡವರಿಗೆ ಹೇಗೆ ಹೇಳಬೇಕೋ ಹಾಗೆ, ಇದನ್ನು ನಿಮಗೆ ಯಾರೋ ಮೋಸ ಮಾಡಿ ಕೊಟ್ಟಿದ್ದಾರೆ ಎಂದೆ. ಹವಾಲ್ದಾರರು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು.

"ಮೋಸ ಯಾರು ಮಾಡ್ತಾರ ಬಾಯಾರ? ಸರ್ಕಾರ ಕೊಟ್ಟದ್ದು. ಲಡಾಯಿ ಜೋರಾದ ಮ್ಯಾಲೆ ವಿಲಾಯತಿ ಮಾಲು ಎಲ್ಲಿ ಬರ್ತಿತ್ತು? ದಂಡಿನ ಛಾವಣಿ ಬಾಜೂಕ ಕಂಚುಗಾರರು ಕುಂತಿದ್ರು. ಉಸುಕಿನ್ಯಾಗ ಒತ್ತಿ ಒತ್ತಿ ಬುಟ್ಟಿಗಟ್ಟಲೆ ಹೊಯ್ದು ಕೊಟ್ರು. ನಮ್ಮ ಬ್ಯಾಚಿನವರಿಗೆಲ್ಲಾ ಇಂಥಾವ."

ಎಲ್ಲರವೂ ಒಂದೇ ತರಹ ಇದ್ದುದರಿಂದ ಕಳುವಾಗಬಾರದೆಂದು ಹಿಂದೆ ಮೊಳೆಯಿಂದ ತಮ್ಮ ನಂಬರು ಗೀಚಿಕೊಳ್ಳುತ್ತಿದ್ದರು ಎಂದು ಹೇಳಿ, ತಮ್ಮದನ್ನು ತೋರಿಸಿದರು. ಓರೆಯಾದ ನಾಲ್ಕು ಅಂಕೆಗಳು.  ಗಂಗಾಯಿಯ ಬಿಲ್ಲೆಯ ಬೆನ್ನಿನ ಮೇಲೂ ಓರೆಯಾದ ಗೀರುಗಳಿದ್ದವು. ಅವನ್ನು ನೋಡಿದ್ದೆ, ಎರಕದ ಅಂಚು ತಿಕ್ಕುವಾಗ ಕಳ್ಳನ ಅರ ತಾಗಿ ಆದದ್ದು ಎಂದು ಒಳಗೊಳಗೇ ಎಣಿಸಿದ್ದೆ. ಹಾಗೆಂದು ಆ ಕ್ಷಣ ನನಗೆ ಸ್ಪಷ್ಟವಾಗಿ ನೆನಪಾಯಿತು. ಆದರೆ ಆಗ ಕಂಡಿದ್ದರೆ ದಿನಚರಿಯಲ್ಲಿ ಮೂರನೆಯ ಕಾರಣವಾಗಿ ಬರೆಯದೆ ಬಿಡುತ್ತಿದ್ದೆನೆ? ಖೊಟ್ಟಿಗೆ ಇನ್ನೊಂದು ಕಾರಣ ಸಿಕ್ಕರೆ ಬಿಡುವ ಹುಡುಗಿಯಲ್ಲ ಅವಳು. ಹವಾಲ್ದಾರರ ನಂಬರು ಕಂಡ ಮೇಲೆ ನನ್ನ ನೆನಪು ಹಿಂದಕ್ಕೆ ಹೋಗಿ ಆ ಬಿಲ್ಲೆಯ ಮೇಲೂ ನಂಬರು ಗೀಚಿ ಬಂದಿರಬಹುದು. ಈ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಆ ಗೀರುಗಳು ಇನ್ನಷ್ಟು ಆಳವಾಗಿವೆ, ಕೆಲವು ದಿನ ಓದಲೂ ಬರುತ್ತವೆ. ಅದೇ ಅವುಗಳ ಮೇಲೆ ನನಗೆ ಸಂಶಯ ಹುಟ್ಟಿಸುವುದು. ಬಿಲ್ಲೆ ಖರೆ ಇತ್ತು ಎಂದು ನಾನು ಇಂದಿಗೂ ಹೇಳಲಾರೆ. ಖೊಟ್ಟಿ ಎಂದು ಹೇಳಲು ಅಂದು ನನ್ನ ಬಳಿ ಏನೂ ಇರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಮರುದಿನವೇ ಊರಿಗೆ ಹೋದೆ. ಮಧ್ಯಾಹ್ನದ ಊಟದ ಹೊತ್ತು. ಅಪ್ಪನಿಗೆ ಆಗಲೇ ಕಣ್ಣು ಮಂಜಾಗಿತ್ತು. ಬಿಲ್ಲೆಯ ವ್ಯವಹಾರ ನಿಂತು ವರ್ಷಗಳಾಗಿದ್ದವು. ಸಾಹೇಬರಿಗೆ ಬೇರೆ ಊರಿನಲ್ಲಿ ಬೇರೆ ಭಾಂಡೆ ಅಂಗಡಿ ಸಿಕ್ಕಿತ್ತಂತೆ, ಬರುವುದಿಲ್ಲ ಎಂದು ಒಂದು ಕಾರ್ಡು ಕೂಡ ಬರೆದಿರಲಿಲ್ಲ. ಗಂಗಾಯಿ ಒಲೆಯ ಪಕ್ಕದ ಗೋಡೆಗೆ ಒರಗಿ ಕುಳಿತಿದ್ದಳು. ತಾಟಿನ ಮುಂದೆ ಕುಳಿತು ನಾನು ಹವಾಲ್ದಾರರ ಮಾತುಗಳನ್ನು ಒಂದೂ ಬಿಡದೆ ಹೇಳಿದೆ. ಛಾವಣಿ, ಕಂಚುಗಾರರು, ಉಸುಕು, ಬುಟ್ಟಿ. ರಟ್ಟಿನಲ್ಲಿ ಸಡಿಲಾಗುವುದೂ ಅದಕ್ಕೇ ಎಂದು ವಿವರಿಸಿದೆ. ಹೇಳುತ್ತಿರುವಾಗ ನನ್ನ ದನಿಯಲ್ಲಿ ಮತ್ತದೇ ಠೀವಿ ಬಂದಿತ್ತೆಂದು ಆಮೇಲೆ ಅವ್ವ ಹೇಳಿದಳು, ಪಾಠ ಹೇಳಿದ ಹಾಗೆ ಹೇಳಿದಿ ಎಂದಳು. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಹಿತ್ತಾಳಿ ಅಂತೂ ಚಲೋದಿತ್ತು" ಎಂದ. ಇಡೀ ಜೀವಮಾನದಲ್ಲಿ ಅವನು ಕೇಳಿದ ಕ್ಷಮೆ ಅಷ್ಟೇ. ಅದನ್ನೂ ಹಿತ್ತಾಳೆಗೆ ಕೇಳಿದ.

ಗಂಗಾಯಿ ನನ್ನ ಕಡೆ ತಿರುಗಿದಳು.

"ಅವತ್ತು ಖೊಟ್ಟಿ ಅಂತ ನೀನ ಹೇಳಿದಿ. ಇವತ್ತು ಖರೇ ಅಂತ ನೀನ ಹೇಳಾಕತ್ತಿ. ನಡುವ ಹನ್ನೆರಡು ವರ್ಷ ನಾ ಯಾರ ಹೆಂಡ್ತಿ ಆಗಿದ್ನಿ, ಅದನ್ನೂ ನೀನ ಹೇಳಿಬಿಡು."

 ಪುಂಡಿಪಲ್ಲೆಯ ಎಣ್ಣೆ ನನ್ನ ತಾಟಿನ ಅಂಚಿಗೆ ಹರಿದು ನಿಂತಿತ್ತು. ಅವಳು ಸಿಟ್ಟಿನಲ್ಲಿರಲಿಲ್ಲ. ಪಡಸಾಲೆಯಲ್ಲಿ ಕೇಳಿದ್ದ ಅದೇ ಮೆತ್ತನೆಯ ದನಿಯಲ್ಲಿ ಮತ್ತೆ ಕೇಳಿದಳು:

"ಆ ಅಕ್ಷರ ಏನಿದ್ವು?"

"ಗೊತ್ತಿಲ್ಲ ಆಯಿ. ಸವೆದು ಹೋಗಿದ್ವು. ನನಗ ಓದಾಕ ಬಂದಿರಲಿಲ್ಲ."

"ಅಷ್ಟ ಅವತ್ತ ಅಂದಿದ್ರ ಜಗಲಿ ಮ್ಯಾಲೆ ಇಟ್ಕೊಂಡಿರ್ತಿದ್ನೆಲ್ಲವಾ" ಎಂದಳು. ಆಮೇಲೆ ಕೈಚಾಚಿ ಉಪ್ಪಿನ ಭರಣಿಯನ್ನು ನನ್ನ ತಾಟಿನ ಹತ್ತಿರ ಸರಿಸಿದಳು. ಚಮಚ ಅದರಲ್ಲೇ ಇತ್ತು. ಹನ್ನೆರಡು ವರ್ಷದ ಉಪ್ಪಿನಲ್ಲಿ ಇದ್ದೂ ಅದಕ್ಕೆ ಕಿಲುಬು ಹಿಡಿದಿರಲಿಲ್ಲ, ಒಂದು ಗೀರೂ ಬಿದ್ದಿರಲಿಲ್ಲ. ನಾನು ಅದನ್ನು ಮಗುಚಲಿಲ್ಲ. ಉಪ್ಪು ಹಾಕಿಕೊಂಡು ಉಂಡೆ.